ಇಸ್ಕೊಂಡು ಸೋಲಿಸೋ ಸೀಮೆ

ಮಳವಳ್ಳಿಯಿಂದ ಮಂಡ್ಯಕ್ಕೆ ಹೋಗುವ ಕೆಂಪು ಬಸ್ಸಿನಲ್ಲಿ ಗಂಡ ಹೆಂಡತಿ ಅಕ್ಕಪಕ್ಕ ಕೂತಿದ್ದರೆ ರಾಜ್ಯದ ಬಜೆಟ್ಟನ್ನು ಬೇರೆ ಓದಬೇಕಾಗಿಲ್ಲ. ಹೆಂಡತಿ ಪರ್ಸಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಆಧಾರ್ ಕಾರ್ಡ್ ತೆಗೆದು ತೋರಿಸುತ್ತಾಳೆ, ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಕೊಡುತ್ತಾರೆ. ಗಂಡ ಜೇಬಿಗೆ ಕೈ ಹಾಕುತ್ತಾನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗ ಅವನಿಗೇನೂ ಬೇಜಾರಿರಲಿಲ್ಲ. ಮನೆಗೆ ಒಂದು ಟಿಕೆಟ್ಟಿನ ಕಾಸು ಉಳಿಯಿತಲ್ಲ ಅಂದುಕೊಂಡ. 2025ರ ಜನವರಿ 5ಕ್ಕೆ ಬಸ್ ದರ ಶೇ 15 ಏರಿತು. ಅದಕ್ಕೂ ಮುಂಚೆ, 2024ರ ಜೂನ್ 15ಕ್ಕೆ, ಪೆಟ್ರೋಲು ಮೂರು ರೂಪಾಯಿ ಏರಿತ್ತು. ಲೋಕಸಭಾ ಚುನಾವಣೆಯ ಫಲಿತಾಂಶ ಬಂದದ್ದು ಜೂನ್ 4ಕ್ಕೆ. ಹನ್ನೊಂದು ದಿನ ತಡೆದುಕೊಂಡ ರಾಜ್ಯದ ಕಾಂಗ್ರೆಸ್ ಸರ್ಕಾರದ ಸಂಯಮವನ್ನು ಮೆಚ್ಚಲೇಬೇಕು.

ಇಷ್ಟು ಹೇಳಿದ ಕೂಡಲೇ ಕಮಲದವರು ಚಪ್ಪಾಳೆ ತಟ್ಟುತ್ತಾರೆ. ಒಸಿ ತಡೀರಿ ಸ್ವಾಮಿ, ನಿಮ್ಮ ಸರದಿಯೂ ಇದೆ. 2025ರ ಏಪ್ರಿಲ್ 7ರಂದು ರಾಜ್ಯ ಸರ್ಕಾರದ ಬೆಲೆಯೇರಿಕೆ ಖಂಡಿಸಿ ಬಿಜೆಪಿಯ ಜನಾಕ್ರೋಶ ಯಾತ್ರೆ ಮೈಸೂರಿನಿಂದ ಹೊರಟಿತು. ಹಾಲಿಗೆ ನಾಲ್ಕು ರೂಪಾಯಿ, ಡೀಸೆಲ್ಲಿಗೆ ಎರಡು ರೂಪಾಯಿ ಏರಿತ್ತು. ಆಕ್ರೋಶಕ್ಕೆ ಸರಕೇನೂ ಕಮ್ಮಿಯಿರಲಿಲ್ಲ. ಅದೇ ದಿನ ದೆಹಲಿಯಿಂದ ಸುದ್ದಿ ಬಂತು: ಅಡುಗೆ ಅನಿಲದ ಸಿಲಿಂಡರಿಗೆ 50 ರೂಪಾಯಿ ಜಾಸ್ತಿ. ಯಾತ್ರೆ ನಿಲ್ಲಲಿಲ್ಲ, ಆಕ್ರೋಶವೂ ದಿಕ್ಕು ಬದಲಿಸಲಿಲ್ಲ. ಅದೇ ತಿಂಗಳು ಕಾಂಗ್ರೆಸ್ಸಿನವರು ಕೇಂದ್ರದ ಬೆಲೆಯೇರಿಕೆಯ ವಿರುದ್ಧ ಬೀದಿಗಿಳಿದರು. ಏರಿಸಿದವರಿಬ್ಬರೂ ಬೀದಿಯಲ್ಲಿದ್ದರು, ತೆತ್ತವನು ಮಾತ್ರ ಗದ್ದೆಯಲ್ಲಿದ್ದ.

2022ರ ಜುಲೈನಲ್ಲಿ ಪ್ರಧಾನಿ ಬಿಟ್ಟಿ ಹಂಚುವ ‘ರೇವಡಿ ಸಂಸ್ಕೃತಿ’ ದೇಶಕ್ಕೆ ಅಪಾಯ ಎಂದಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಮಹಾರಾಷ್ಟ್ರದಲ್ಲಿ ಅವರದೇ ಮೈತ್ರಿ ಸರ್ಕಾರ ಹೆಣ್ಣುಮಕ್ಕಳಿಗೆ ತಿಂಗಳಿಗೆ 1,500 ರೂಪಾಯಿ ಕೊಡಲು ನಿಂತಿತು. ಕರ್ನಾಟಕ ಮನೆಯೊಡತಿಗೆ ತಿಂಗಳಿಗೆ ಕೊಡುವ ಎರಡು ಸಾವಿರ ಬಿಟ್ಟಿಭಾಗ್ಯ. ಮಹಾರಾಷ್ಟ್ರದ ಸಾವಿರದ ಐನೂರು ಅಣ್ಣ ತಂಗಿಗೆ ಕೊಟ್ಟ ಅರಿಶಿನ ಕುಂಕುಮದ ಕಾಸು.

ತೆನೆ ಹೊತ್ತವರನ್ನು ಬಿಟ್ಟರೆ ಮಂಡ್ಯದಲ್ಲಿ ಬೇಜಾರು ಮಾಡಿಕೊಳ್ಳುತ್ತಾರೆ. 2018ರ ಜುಲೈ ಬಜೆಟ್ಟಿನಲ್ಲಿ ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರು 34,000 ಕೋಟಿಯ ಸಾಲಮನ್ನಾ ಘೋಷಿಸಿ, ಅದೇ ಬಾಯಲ್ಲಿ ಪೆಟ್ರೋಲಿಗೆ 1 ರೂಪಾಯಿ 14 ಪೈಸೆ, ಡೀಸೆಲ್ಲಿಗೆ 1 ರೂಪಾಯಿ 12 ಪೈಸೆ ಏರಿಸಿದರು. ರೈತನ ಸಾಲ ಬ್ಯಾಂಕಿನಲ್ಲಿ ಮನ್ನಾ ಆಯಿತು, ಟ್ರ್ಯಾಕ್ಟರಿನ ಟ್ಯಾಂಕಿನಲ್ಲಿ ವಸೂಲಿ ಶುರುವಾಯಿತು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ವಿಧಾನಸೌಧದಲ್ಲಿ ವಿರೋಧ ಪಕ್ಷದ ಸಾಲಿಗೆ ಮಾತ್ರ ಹಂಚಿರುತ್ತಾರೆ. ಆಡಳಿತದ ಕಡೆ ಎದ್ದು ಹೋಗುವಾಗ ಅದನ್ನು ಅಲ್ಲೇ ಬೆಂಚಿನ ಮೇಲೆ ಬಿಟ್ಟು ಹೋಗಬೇಕು, ಮುಂದೆ ಕೂರುವವರಿಗೆ ಬೇಕಾಗುತ್ತದೆ.

ಆದರೆ ಕೊಟ್ಟವರಿಗೆ ಈ ಜಿಲ್ಲೆ ಮಾಡಿದ್ದೇನು? 2018ರಲ್ಲಿ ಸಾಲಮನ್ನಾದ ಮಾತು ಕೇಳಿ ಏಳಕ್ಕೆ ಏಳೂ ಕ್ಷೇತ್ರವನ್ನು ಜೆಡಿಎಸ್‌ಗೆ ಕೊಟ್ಟರು. ಮುಂದಿನ ವರ್ಷ ಅದೇ ಮುಖ್ಯಮಂತ್ರಿಯ ಮಗ ನಿಖಿಲ್ ಲೋಕಸಭೆಗೆ ನಿಂತರೆ, ಪಕ್ಷೇತರರಾಗಿ ನಿಂತ ಸುಮಲತಾ ಅವರನ್ನು ಒಂದೂಕಾಲು ಲಕ್ಷ ವೋಟಿನಿಂದ ಗೆಲ್ಲಿಸಿದರು. 2023ರಲ್ಲಿ ಗ್ಯಾರಂಟಿ ಕಾರ್ಡು ನೋಡಿ ಮಂಡ್ಯ, ಮದ್ದೂರು, ಮಳವಳ್ಳಿ ಸೇರಿ ಐದು ಕ್ಷೇತ್ರ ಕಾಂಗ್ರೆಸ್ಸಿಗೆ. ಎರಡು ಸಾವಿರ ಖಾತೆಗೆ ಬೀಳತೊಡಗಿತು, ಕರೆಂಟ್ ಬಿಲ್ಲು ಸೊನ್ನೆಯಾಯಿತು. 2024ರಲ್ಲಿ ಅದೇ ಕಾಂಗ್ರೆಸ್ಸನ್ನು ಎರಡು ಲಕ್ಷ ಎಂಬತ್ತನಾಲ್ಕು ಸಾವಿರ ವೋಟಿನಿಂದ ಸೋಲಿಸಿ ಕುಮಾರಸ್ವಾಮಿಯವರನ್ನು ದೆಹಲಿಗೆ ಕಳಿಸಿದರು.

ಮದ್ದೂರಿನ ಹಳೇ ರಸ್ತೆಯ ಹೋಟೆಲೊಂದರಲ್ಲಿ (ಹೊಸ ಹತ್ತು ಪಥದ ರಸ್ತೆ ಬಂದ ಮೇಲೆ ಇಲ್ಲಿ ವಡೆ ಜಾಸ್ತಿ, ಗಿರಾಕಿ ಕಮ್ಮಿ) ಎದುರಿಗೆ ಕೂತಿದ್ದ ಹಿರಿಯರೊಬ್ಬರನ್ನು ಕೇಳಿದೆ.

“ಅಲ್ಲ ಯಜಮಾನ್ರೆ, ಸಾಲಮನ್ನಾ ಮಾಡ್ದೋರ ಮಗನ್ನೇ ಸೋಲಿಸ್ಬುಟ್ರಲ್ಲ?”

“ಅವ್ರೇನು ಗದ್ದೆ ಮಾರಿ ಮನ್ನಾ ಮಾಡಿದ್ರಾ ಸಾ? ನಮ್ ಕಾಸ್ನ ನಮ್ಗೇ ಕೊಟ್ರು. ಅದ್ರಲ್ಲೂ ದಾರೀಲಿ ಒಸಿ ಉದುರುಸ್ಕಂಡು.”

“ಮನೆಯವ್ರಿಗೆ ಎರಡು ಸಾವ್ರ ಬರ್ತಾ ಅದಾ?”

“ಬತ್ತದೆ ಬತ್ತದೆ. ಒಂದೊಂದ್ ತಿಂಗ್ಳು ಬತ್ತದೆ, ಒಂದೊಂದ್ ಸಲ ಎಲೆಕ್ಷನ್ ಬಂದ್ರೆ ಬತ್ತದೆ.”

ಅರ್ಥಶಾಸ್ತ್ರದ ಪ್ರೊಫೆಸರುಗಳು ಗಂಟೆಗಟ್ಟಲೆ ಪಾಠ ಮಾಡಿದರೂ ಇಷ್ಟು ಸಲೀಸಾಗಿ ಹೇಳಲಾರರು. ದುಡ್ಡು ಯಾರದು ಎಂದು ಮಂಡ್ಯದವನಿಗೆ ಗೊತ್ತು. ಅದಕ್ಕೇ ಇಸ್ಕೊಳ್ಳುವಾಗ ಅವನಿಗೆ ಸಂಕೋಚವಿಲ್ಲ, ಸೋಲಿಸುವಾಗ ಋಣದ ಭಾರವೂ ಇಲ್ಲ. ಗೊತ್ತಾಗದಿರುವುದು ಮೂರೂ ಪಕ್ಷದವರಿಗೆ. ಸೋತವರು ಮನೆಗೆ ಬಂದು, ಕೊಟ್ಟದ್ದು ಸಾಲಲಿಲ್ಲ ಎಂದು ತೀರ್ಮಾನಿಸುತ್ತಾರೆ. 2025-26ರ ರಾಜ್ಯ ಬಜೆಟ್ಟು 4.09 ಲಕ್ಷ ಕೋಟಿಯದು. ಅದರಲ್ಲಿ ಗ್ಯಾರಂಟಿಗೆ 51 ಸಾವಿರ ಕೋಟಿ, ಹೊಸ ಸಾಲ 1.16 ಲಕ್ಷ ಕೋಟಿ. ಈ ಸಾಲ ತೀರಿಸಬೇಕಾದವರು ಸದ್ಯಕ್ಕೆ ಅಂಗನವಾಡಿಯಲ್ಲಿ ಮೊಟ್ಟೆ ತಿನ್ನುತ್ತಿದ್ದಾರೆ. ಅವರಿಗೆ ಇನ್ನೂ ವೋಟಿಲ್ಲ, ಆದ್ದರಿಂದ ಅವರನ್ನು ಯಾರೂ ಕೇಳಿಲ್ಲ.

ನಮ್ಮವರಿಗೇ ಈ ಕಾಯಿಲೆ ಎಂದು ಕೊರಗಬೇಕಿಲ್ಲ. ಅಮೆರಿಕದ ಸಾಲ 2024ರ ನವೆಂಬರ್ ಹೊತ್ತಿಗೇ 36 ಲಕ್ಷ ಕೋಟಿ ಡಾಲರ್ ದಾಟಿತ್ತು. ಸರ್ಕಾರದ ದುಂದು ನಿಲ್ಲಲಿ ಎಂದು ದಶಕಗಳಿಂದ ಬೊಬ್ಬೆ ಹೊಡೆಯುವ ರಿಪಬ್ಲಿಕನ್ನರೇ 2025ರ ಜುಲೈ 4ರಂದು ಸಹಿಯಾದ ಕಾಯ್ದೆಯಲ್ಲಿ ಸಾಲದ ಮಿತಿಯನ್ನು 5 ಲಕ್ಷ ಕೋಟಿ ಡಾಲರ್ ಏರಿಸಿಕೊಂಡರು. ಆಮೇಲೆ ಎರಡೂ ಪಕ್ಷ ಖರ್ಚಿನ ಮಸೂದೆಗೆ ಜಗಳವಾಡಿ, ಅಕ್ಟೋಬರ್ 1ರಿಂದ 43 ದಿನ ಸರ್ಕಾರಿ ಕೆಲಸವೇ ನಿಂತಿತು. ಲೋಕವೆಲ್ಲ ಬೆರಗಾಯಿತು. ಮಂಡ್ಯದವರಿಗೆ ಏನೂ ಅನ್ನಿಸಲಿಲ್ಲ. ಬರೀ 43 ದಿನವಾ ಎಂದರು. ನಾವು ಮೈಷುಗರ್ ನೋಡಿದವರು.

1933ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, ಕೃಷಿ ಇಲಾಖೆ ನೋಡಿಕೊಳ್ಳುತ್ತಿದ್ದ ಕೆನಡಾದ ಕೋಲ್ಮನ್ ದುಡಿಮೆಯಿಂದ ಎದ್ದ ಕಾರ್ಖಾನೆ ಅದು. ನಾಲೆಯ ನೀರಲ್ಲಿ ಬೆಳೆದ ಕಬ್ಬಿಗೆ ಊರಲ್ಲೇ ಗಾಣ ಬೇಕೆಂದು ರೈತರೂ ಷೇರು ಹಾಕಿದ್ದರು. ಈಗ ಅದು ಕಬ್ಬಿಗಿಂತ ಹೆಚ್ಚಾಗಿ ಅನುದಾನ ಅರೆಯುತ್ತದೆ. ವರ್ಷಗಟ್ಟಲೆ ನಿಂತಿದ್ದನ್ನು 2022ರಲ್ಲಿ ಬೊಮ್ಮಾಯಿ ಸರ್ಕಾರ ಶುರು ಮಾಡಿತು. 2023ರಲ್ಲಿ ಸಿದ್ದರಾಮಯ್ಯ ಸರ್ಕಾರ 50 ಕೋಟಿ ಕೊಟ್ಟು ಮತ್ತೆ ಶುರು ಮಾಡಿತು. ಹಳೆಯದರ ಪಕ್ಕದಲ್ಲಿ ಹೊಸ ಕಾರ್ಖಾನೆಯ ಭರವಸೆಯೂ ಓಡುತ್ತಿದೆ. ಅದಕ್ಕೆ ಮಾತ್ರ ಬಾಯ್ಲರ್ ಕೆಟ್ಟದ್ದೇ ಇಲ್ಲ.

ಇಷ್ಟರ ನಡುವೆ ಕೆಆರ್‌ಎಸ್‌ನಲ್ಲಿ ಕಾವೇರಿ ಆರತಿ ಎಂದು 92.30 ಕೋಟಿಯ ಯೋಜನೆ ಬಂತು. ನಾಲೆಯ ಕೊನೆ ಭಾಗದ ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ನೀರು ಹರಿಯುವ ಮಾತು ಹಾಗಿರಲಿ, ಮೊದಲು ತಾಯಿಗೆ ಬೆಳಗೋಣ ಎಂದರು. ರೈತ ಸಂಘದವರು ಬೇಡವೆಂದರೂ 2025ರ ಸೆಪ್ಟೆಂಬರಿನಲ್ಲಿ ಆರತಿ ಆಯಿತು. ಆರತಿ ತಟ್ಟೆಗೆ ಕಾಸು ಹಾಕುವ ಪದ್ಧತಿ ನಮ್ಮಲ್ಲಿದೆ, ಸರಿ. ಆದರೆ ತಟ್ಟೆ ಹತ್ತಿರ ಬಂದಾಗ ಜೇಬು ತಡಕಬೇಡಿ. ನಿಮ್ಮ ಕಾಸನ್ನು ಪೆಟ್ರೋಲ್ ಬಂಕಿನಲ್ಲೇ ಇಸ್ಕೊಂಡಿದ್ದಾರೆ.