ಬಿಳೀ ಮಾತ್ರೆ, ನಡುವೆ ಗೆರೆ

"ಅಣ್ಣಾ, ಆ ಬಿಳೀ ಮಾತ್ರೆ ಕೊಡಿ. ನಡುವೆ ಒಂದು ಗೆರೆ ಇರುತ್ತಲ್ಲ, ಅದು."

ನಮ್ಮ ಮೆಡಿಕಲ್ ಶಾಪಿನಲ್ಲಿ ಕೈಯಿಟ್ಟ ಕಡೆಯೆಲ್ಲ ಬಿಳೀ ಮಾತ್ರೆಯೇ. ಗೆರೆಗೂ ಬರವಿಲ್ಲ. "ಏನಕ್ಕೆ ತಗೊಳ್ಳೋದು?" ಎಂದರೆ, "ಹೋದ ವರ್ಷ ನೀವೇ ಕೊಟ್ಟಿದ್ರಲ್ಲ!" ಎಂಬ ಆಕ್ಷೇಪಣೆ. ಡಿ.ಫಾರ್ಮದಲ್ಲಿ ನಮಗೆ ಔಷಧದ ಗುಣ ಹೇಳಿಕೊಟ್ಟರೇ ಹೊರತು ಗಿರಾಕಿಯ ಮನಸ್ಸು ಓದುವ ವಿದ್ಯೆಯನ್ನಲ್ಲ.

ಚೀಟಿಯಿಲ್ಲದೆ ಮಾರುವ ಔಷಧವೆಂದು ನಮ್ಮ ಕಾನೂನಿನಲ್ಲಿ ಬೇರೆ ಪಟ್ಟಿಯೇನಿಲ್ಲ. 1945ರ ನಿಯಮಗಳ ಎಚ್, ಎಚ್1, ಎಕ್ಸ್ ಷೆಡ್ಯೂಲುಗಳಲ್ಲಿ ಹೆಸರಿದ್ದರೆ ಡಾಕ್ಟರ ಚೀಟಿ ಬೇಕು. ಇಲ್ಲದಿದ್ದರೆ ಕೇಳಿದವರಿಗೆ ಕೊಡಬಹುದು. ಇದು ನನ್ನ ಲೆಕ್ಕ. ಗಿರಾಕಿಗಳ ಲೆಕ್ಕದಲ್ಲಿ ಔಷಧ ಎರಡೇ ಬಗೆ: ಉಷ್ಣ, ತಂಪು. "ಇದು ಹೀಟಾ?" ಎಂದು ಕೇಳದೆ ಮಾತ್ರೆ ಒಯ್ದವರನ್ನು ನಾನು ಕಾಣೆ. ಅಲ್ಲ ಎಂದರೆ, "ಹಾಗಾದ್ರೆ ಪವರ್ ಇರಲ್ಲ, ಸ್ಟ್ರಾಂಗಾಗಿರೋದು ಕೊಡಿ." ಹೌದು ಎಂದರೆ, "ಮೇಲೊಂದು ಲೋಟ ಮಜ್ಜಿಗೆ ಕುಡಿದ್ರೆ ಸಾಕಲ್ವಾ?"

ಇನ್ನು ಕೆಲವರು ಮನೆಯವರ ಪರವಾಗಿ ಬರುತ್ತಾರೆ. "ನಮ್ಮನೆಯವಳಿಗೆ ಹೊಟ್ಟೆನೋವು." ಮೇಲ್ಹೊಟ್ಟೆಯೋ, ಕಿಬ್ಬೊಟ್ಟೆಯೋ? "ತಾಳಿ, ಕೇಳ್ತೀನಿ." ಫೋನು ಸ್ಪೀಕರಿಗೆ ಬೀಳುತ್ತದೆ. "ಹೊಟ್ಟೆಯಲ್ಲ ಕಣ್ರೀ, ಸೊಂಟ! ನಾನು ಹೇಳಿದ್ದನ್ನ ಯಾವತ್ತು ನೆಟ್ಟಗೆ ಕೇಳಿಸ್ಕೊಂಡಿದೀರಾ?" ಸಾಲಿನಲ್ಲಿ ನಿಂತವರೆಲ್ಲ ತಮ್ಮ ತಲೆನೋವು ಮರೆತು ಕಿವಿಯಾಗುತ್ತಾರೆ.

ಮೊನ್ನೆ ಯಜಮಾನರೊಬ್ಬರು ಜ್ವರಕ್ಕೊಂದು, ನೆಗಡಿಗೊಂದು, ಮೈಕೈನೋವಿಗೊಂದು ಎಂದು ಮೂರು ಬಗೆ ಮಾತ್ರೆ ಕೇಳಿದರು. ಮೂರರಲ್ಲೂ ಪ್ಯಾರಾಸಿಟಮಾಲೇ, ಹೆಸರಷ್ಟೇ ಬೇರೆ ಎಂದೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮಿತಿ, 650ರ ಮಾತ್ರೆ ಆರು ನುಂಗಿದರೆ 3.9 ಗ್ರಾಂ ಆಯಿತು, ಮೀರಿದರೆ ಲಿವರಿಗೆ ಪೆಟ್ಟು ಎಂದು ಬಿಡಿಸಿ ಹೇಳಿದೆ. ಅವರು ನನ್ನನ್ನು ಅನುಮಾನದಿಂದ ನೋಡಿ, "ಸ್ಟಾಕ್ ಇಲ್ಲ ಅಂತ ಒಂದೇ ಮಾತಲ್ಲಿ ಹೇಳಬಹುದಿತ್ತಲ್ಲಪ್ಪ" ಎಂದು ಎದುರಿನ ಅಂಗಡಿಗೆ ನಡೆದರು.

ಕೆಂಪು ಗೆರೆಯ ಆ್ಯಂಟಿಬಯೋಟಿಕ್ ಕೇಳುವವರದು ತರಕಾರಿ ಸಂತೆಯ ಚೌಕಾಶಿ. "ಚೀಟಿ ಇಲ್ಲ ಅಂದ್ರೆ ಹೋಗ್ಲಿ, ಎರಡೇ ಕಟ್ ಮಾಡಿ ಕೊಡಿ." ಎಚ್1 ಔಷಧವಾದರೆ ಡಾಕ್ಟರ ಹೆಸರು, ರೋಗಿಯ ಹೆಸರು ಎರಡನ್ನೂ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಕಾಪಾಡಬೇಕು ಎಂದರೆ, "ಹೆಸರು ತಾನೇ? ನಿಮ್ಮದೇ ಬರ್ಕೊಳ್ಳಿ" ಎಂಬ ಔದಾರ್ಯ!

ನನ್ನಲ್ಲಿರುವ ಅತ್ಯುತ್ತಮ ಸಲಹೆ "ಡಾಕ್ಟರಿಗೆ ತೋರಿಸಿ" ಎಂಬುದು. ಅದಕ್ಕೆ ಕಾಸಿಲ್ಲ, ಹಾಗಾಗಿ ಬೆಲೆಯೂ ಇಲ್ಲ. ಕೆಮ್ಮುತ್ತ ಬಂದ ಅಜ್ಜಿಯೊಬ್ಬರಿಗೂ ಅದನ್ನೇ ಹೇಳಿದೆ.

"ತೋರಿಸ್ಕೊಂಡೇ ಬಂದೆ ಕಣೋ ಮಗಾ. ಔಷಧಿ ಏನೂ ಬೇಡ, ಬಿಸಿನೀರು ಕುಡೀರಿ, ತಾನೇ ಹೋಗುತ್ತೆ ಅಂದ್ಬಿಟ್ರು. ಡಾಕ್ಟ್ರಿಗೇ ಗೊತ್ತಾಗ್ಲಿಲ್ಲ ಅಂತ ತಾನೇ ನಿನ್ನ ಹತ್ರ ಬಂದಿರೋದು!"