ಪಾಲು ಹೋಯಿತು, ಪಾಲುದಾರ ಉಳಿದ

ಬಸ್‌ಸ್ಟ್ಯಾಂಡ್ ಎದುರಿಗೆ ಒಂದು ಹೋಟೆಲು ಇದೆ ಎಂದುಕೊಳ್ಳಿ. ಪಾಲುದಾರರು ಇಬ್ಬರು. ಒಬ್ಬ ನಸುಕಿಗೆ ಎದ್ದು ದೋಸೆಹಿಟ್ಟು ನೋಡುವವನು, ಇನ್ನೊಬ್ಬ ಸಂಜೆ ಬಂದು ಗಲ್ಲಾ ನೋಡುವವನು. ಈ ಎರಡನೆಯವನು ಕೈಸಾಲ ಮಿತಿಮೀರಿ ತನ್ನ ಪಾಲನ್ನು ಭಾವಮೈದನಿಗೆ ಬರೆದುಕೊಟ್ಟ. ಮರುದಿನವೇ ಭಾವಮೈದ ಹಣೆಗೆ ಕುಂಕುಮ ಇಟ್ಟುಕೊಂಡು ಬಂದು, "ಏಳ್ರೀ, ಇನ್ಮೇಲೆ ನಾನೇ ಪಾರ್ಟ್ನರು. ಲೆಕ್ಕದ ಬುಕ್ಕು ತೆಗೀರಿ" ಎಂದ.

ಏಳಬೇಕಾಗಿಲ್ಲ. ಬುಕ್ಕನ್ನೂ ತೆಗೆಯಬೇಕಾಗಿಲ್ಲ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ಬರೆದವರು ಭಾವಮೈದರನ್ನು ಹತ್ತಿರದಿಂದ ಕಂಡವರೇ ಇರಬೇಕು. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಎಲ್ಲ ಪಾಲುದಾರರೂ ಒಪ್ಪದೆ ಹೊಸಬ ಒಳಗೆ ಬರುವಂತಿಲ್ಲ ಎನ್ನುತ್ತದೆ 31ನೆಯ ಕಲಮು. 29ನೆಯದು ಇನ್ನೂ ಖಡಕ್ಕು: ಪಾಲು ಕೊಂಡವನು ವ್ಯವಹಾರದಲ್ಲಿ ಮೂಗು ತೂರಿಸುವಂತಿಲ್ಲ, ಲೆಕ್ಕ ಕೇಳುವಂತಿಲ್ಲ, ಪುಸ್ತಕ ಮುಟ್ಟುವಂತಿಲ್ಲ. ಲಾಭದಲ್ಲಿ ಮಾರಿದವನ ಪಾಲು ಎಷ್ಟೋ ಅಷ್ಟನ್ನು ಪಡೆದು ಸುಮ್ಮನಿರಬೇಕು. ಆ ಲಾಭ ಎಷ್ಟೆಂದು ಹೇಳುವವರೂ ಪಾಲುದಾರರೇ. ಅವರು ಒಪ್ಪಿದ ಲೆಕ್ಕಕ್ಕೆ ಇವನು ತಲೆಯಾಡಿಸಬೇಕು. ಊಟದ ಎಲೆ ಕೊಟ್ಟರು, ಬಡಿಸುವ ಸೌಟು ಕೊಡಲಿಲ್ಲ.

ಉಳಿದ ಪಾಲುದಾರ ಕುಣಿದಾಡಬಹುದೇ? ಸ್ವಲ್ಪ ತಡೆಯಿರಿ. ಪಾಲು ಮಾರಿದ ಮಾತ್ರಕ್ಕೆ ಮಾರಿದವನ ಪಾಲುದಾರಿಕೆ ಹೋಗುವುದಿಲ್ಲ. ಅವನು ಸಂಜೆ ಮಾಮೂಲಿನಂತೆ ಬಂದು ಗಲ್ಲಾದಲ್ಲಿ ಕೂರಬಹುದು, ಹೋಟೆಲಿನ ಹೆಸರಲ್ಲಿ ದಿನಸಿ ಅಂಗಡಿಯಿಂದ ಸಾಲಕ್ಕೆ ಸಾಮಾನು ತರಬಹುದು. ಆ ಸಾಲವನ್ನು ಅಂಗಡಿಯವನು ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ವಸೂಲು ಮಾಡಬಹುದು. ಅದು 25ನೆಯ ಕಲಮಿನ ಕೃಪೆ. ಅಂದರೆ ಕುರ್ಚಿ ಒಬ್ಬನಿಗೆ, ಲಾಭ ಇನ್ನೊಬ್ಬನಿಗೆ, ನಸುಕಿನ ದೋಸೆಹಿಟ್ಟು ಮತ್ತು ಸಾಲಗಾರ ಮಾತ್ರ ನಮ್ಮವನಿಗೆ.

ಬೇಸತ್ತರೆ ಕೋರ್ಟು ಇದೆ. ಪಾಲುದಾರನೊಬ್ಬ ತನ್ನ ಪಾಲನ್ನು ಪೂರ್ತಿ ಪರಭಾರೆ ಮಾಡಿದರೆ ಸಂಸ್ಥೆಯನ್ನು ವಿಸರ್ಜಿಸಿ ಎಂದು ಇನ್ನೊಬ್ಬ ದಾವೆ ಹೂಡಬಹುದು ಎನ್ನುತ್ತದೆ 44ನೆಯ ಕಲಮು. ಮಾರಿದವನೇ ಹೋಗಿ ಈ ನೆಪ ಹೇಳುವಂತಿಲ್ಲ, ಅಷ್ಟು ನಾಚಿಕೆ ಕಾಯ್ದೆಗಿದೆ. ಆದರೆ 'ಪೂರ್ತಿ' ಎಂಬಲ್ಲಿ ಕಣ್ಣಿಡಿ. ಚಾಲಾಕಿ ಪಾಲುದಾರ ಹದಿನೈದಾಣೆ ಮಾರಿ ಒಂದಾಣೆ ಉಳಿಸಿಕೊಳ್ಳುತ್ತಾನೆ. ಆಗ ವಕೀಲರು ಬೇರೆ ಕಾರಣ ಹುಡುಕುತ್ತಾರೆ, ಅದರ ಫೀಸು ಬೇರೆ. ಹೋಗಲಿ, ವಿಸರ್ಜನೆ ಆಯಿತೆನ್ನಿ. ಆಗ ಭಾವಮೈದನಿಗೆ ಆಸ್ತಿಯಲ್ಲಿ ಪಾಲುಂಟು, ವಿಸರ್ಜನೆಯ ದಿನದಿಂದ ಲೆಕ್ಕ ಕೇಳುವ ಹಕ್ಕೂ ಉಂಟು. ಇಷ್ಟು ದಿನ ಬಾಗಿಲಾಚೆ ನಿಂತವನಿಗೆ ನಾವೇ ಬಾಗಿಲು ಮುರಿದು ಕೊಟ್ಟ ಹಾಗಾಯಿತು.

ಅವಧಿ ನಿಗದಿಯಾಗದ, 'ಇಷ್ಟವಿದ್ದಷ್ಟು ದಿನ' ಎಂಬಂಥ ಪಾಲುದಾರಿಕೆಯಾದರೆ ಕೋರ್ಟಿನ ಮೆಟ್ಟಿಲೂ ಬೇಡ; ಲಿಖಿತ ನೋಟಿಸು ಸಾಕು.

ಪಾಲುದಾರಿಕೆಗೆ ಕೈಹಾಕುವವರು ದಯವಿಟ್ಟು ಪೂಜೆಯ ಮುಹೂರ್ತ ನೋಡುವ ಮೊದಲು ಕರಾರುಪತ್ರ ನೋಡಿ. ಪಾಲು ಮಾರುವುದಾದರೆ ಮೊದಲು ಜೊತೆಯವನಿಗೇ ಕೇಳಬೇಕು, ಮಾರಿದವನು ಅಂದೇ ಹೊರನಡೆಯಬೇಕು ಎಂಬ ಎರಡು ಸಾಲು ಅದರಲ್ಲಿ ಇರದಿದ್ದರೆ ಸಹಿ ಹಾಕಬೇಡಿ.