ಇಲಿ ಇತ್ತಾ, ನೋಡಿದಿರಾ?

ನಮ್ಮ ಮನೆ ಮುರುಗೇಶಪಾಳ್ಯದಲ್ಲಿ, ಎಚ್‌ಎಎಲ್ ರನ್‌ವೇಗೆ ಕೂಗಳತೆಯ ದೂರ. ಕೂಗಳತೆ ಅಂದೆನೇ ಹೊರತು, ಅಲ್ಲಿಂದ ಯುದ್ಧವಿಮಾನ ಎದ್ದಾಗ ಇಲ್ಲಿ ಕೂಗಿದ್ದು ಪಕ್ಕದ ಕೋಣೆಗೂ ಕೇಳುವುದಿಲ್ಲ. ಇಪ್ಪತ್ತು ವರ್ಷ ಈ ಸದ್ದಿನಡಿ ಸಂಸಾರ ಮಾಡಿದವನೆಂಬ ಒಂದೇ ಅರ್ಹತೆಯ ಮೇಲೆ ನೆಂಟರಿಷ್ಟರ ನಡುವೆ ನಾನು ವಿಮಾನತಜ್ಞ. ತ್ರಿಕೋನದಂಥದ್ದು ಏನು ಹಾರಿದರೂ "ತೇಜಸ್, ನಮ್ಮದು!" ಎಂದು ಎದೆಯುಬ್ಬಿಸುತ್ತಿದ್ದೆ. ವಿಮಾನವೇನು ತಿರುಗಿ ಬಂದು ಸಾಕ್ಷಿ ಹೇಳುತ್ತದೆಯೇ?

ಈ ಸಲ ಬೇಸಿಗೆ ರಜೆಗೆ ತಂಗಿಯ ಮೊಮ್ಮಗಳು ಬಂದಿದ್ದಳು. ಎಂಟು ವರ್ಷ, ಕೊರಳಲ್ಲಿ ಬೈನಾಕ್ಯುಲರ್. ಅವಳನ್ನು ತಾರಸಿಯಲ್ಲಿ ಹಪ್ಪಳ ಕಾಯಲು ಕೂರಿಸಿದ್ದರು. ಇಳಿಯಲು ಬರುತ್ತಿದ್ದ ವಿಮಾನವೊಂದನ್ನು ಕಂಡು ನಾನು ಎಂದಿನಂತೆ ಘೋಷಿಸಿದೆ.

"ಅಲ್ಲ ತಾತ, ಮಿರಾಜ್. ಇಲಿ ಇತ್ತು."

ನಾನು ಗಾಬರಿಯಾಗಿ ಹಪ್ಪಳದ ಕಡೆ ನೋಡಿದೆ.

ಇಲಿ ಫ್ರೆಂಚರದಂತೆ. ಕಾಕ್‌ಪಿಟ್ಟಿನ ಹಿಂದೆ ಎರಡೂ ಪಕ್ಕ ಎಂಜಿನ್ನಿಗೆ ಗಾಳಿ ಎಳೆದುಕೊಳ್ಳುವ ಬಾಯಿಗಳಿರುತ್ತವೆ. ಮಿರಾಜ್ 2000ರ ಬಾಯಲ್ಲಿ ಉದ್ದಕ್ಕೆ ಸೀಳಿದ ಕ್ಯಾರೆಟ್ಟಿನಂಥ ಅರ್ಧ ಶಂಕು. ಫ್ರೆಂಚರು ಅದನ್ನು 'ಸೂರಿ' ಅನ್ನುತ್ತಾರೆ, ಅಂದರೆ ಇಲಿ. ಶಬ್ದದ ವೇಗ ದಾಟಿದಾಗ ಅದು ಹಿಂದೆಮುಂದೆ ಸರಿದು, ನುಗ್ಗಿಬರುವ ಗಾಳಿಯನ್ನು ಎಂಜಿನ್ ತಾಳುವಷ್ಟು ನಿಧಾನ ಮಾಡಿ ಒಳಬಿಡುತ್ತದೆ. ತೇಜಸ್ಸಿಗೆ ಇಲಿಯಿಲ್ಲ, ರೆಕ್ಕೆಯಡಿ ಮುದುರಿಕೊಂಡ ಬರಿಬಾಯಿ.

ಬೈನಾಕ್ಯುಲರ್ ಇಲ್ಲದ ನನ್ನಂಥವರಿಗೆ ರೆಕ್ಕೆಯೇ ಗತಿ. ಎರಡಕ್ಕೂ ಹಿಂದೆ ಅಡ್ಡಬಾಲವಿಲ್ಲ, ಎರಡಕ್ಕೂ ಒಂದೇ ಎಂಜಿನ್. ಮಿರಾಜ್ ಒಂದು ಮೀಟರಿನಷ್ಟು ಉದ್ದ ಹೆಚ್ಚು. ಆಕಾಶಕ್ಕೆ ಟೇಪು ಹಿಡಿಯುವವರು ಯಾರು? ಆದರೆ ಮಿರಾಜ್ ರೆಕ್ಕೆಯ ಮುಂದಿನ ಅಂಚು ಮೈಯಿಂದ ತುದಿಯವರೆಗೆ ಸ್ಕೇಲಿಟ್ಟು ಎಳೆದ ಗೆರೆ. ತೇಜಸ್ಸಿನದು ಮೊದಲು ಅಗಲಕ್ಕೆಂದು ಹೊರಟು, ದಾರಿಯಲ್ಲಿ ಮನಸ್ಸು ಬದಲಿಸಿ ಇನ್ನಷ್ಟು ಹಿಂದಕ್ಕೆ ವಾಲುತ್ತದೆ. ಆ ಮುರಿವು ಒಮ್ಮೆ ಕಣ್ಣಿಗೆ ಬಿದ್ದರೆ, ಅವಳಿಮಕ್ಕಳಲ್ಲಿ ಒಬ್ಬಳ ಕೆನ್ನೆಯ ಮಚ್ಚೆ ಕಂಡಂತೆ. ಇಷ್ಟು ದಿನ ಹೇಗೆ ಕಾಣಲಿಲ್ಲವೆಂದು ನಾಚಿಕೆಯಾಗುತ್ತದೆ. ನನಗಾಯಿತು.

ಗ್ವಾಲಿಯರ್ ವಾಯುನೆಲೆಯ ಮಿರಾಜ್‌ಗೆ ಮುರುಗೇಶಪಾಳ್ಯದ ಮೇಲೇನು ಕೆಲಸ ಎಂದು ವಾದಿಸಿ ನೋಡಿದೆ. ಅದೂ ನಡೆಯಲಿಲ್ಲ. 1985ರಲ್ಲಿ ನಮ್ಮ ವಾಯುಪಡೆ ಸೇರಿ 'ವಜ್ರ' ಎನಿಸಿಕೊಂಡ ಈ ವಿಮಾನಗಳ ರಿಪೇರಿ, ನವೀಕರಣ ನಡೆಯುವುದು ಎಚ್‌ಎಎಲ್‌ನಲ್ಲೇ. ತೇಜಸ್ 2001ರ ಜನವರಿ 4ರಂದು ಮೊದಲು ಹಾರಿದ್ದೂ ಇದೇ ರನ್‌ವೇಯಿಂದ. ಒಂದಕ್ಕೆ ಹೆರಿಗೆಮನೆ, ಇನ್ನೊಂದಕ್ಕೆ ಆಸ್ಪತ್ರೆ.

ಸುಖೋಯ್ 30 ಮತ್ತು ಮಿಗ್ 29ರ ಪಾಠವೂ ಆಯಿತು. ಎರಡಕ್ಕೂ ಜೋಡಿ ಬಾಲ, ಜೋಡಿ ಎಂಜಿನ್. ಎಂಜಿನ್‌ಗಳ ನಡುವಿಂದ ಒಂದು ಮೊನೆ ಚೇಳಿನ ಕೊಂಡಿಯಂತೆ ಹಿಂದಕ್ಕೆ ಚಾಚಿಕೊಂಡಿದ್ದರೆ ಸುಖೋಯ್. ಇದು ಸುಲಭ, ನನಗೂ ಬಂತು.

ಅವಳು ಊರಿಗೆ ಹೋದಳು, ಬೈನಾಕ್ಯುಲರ್ ಸಮೇತ. ನೀವು ನಮ್ಮ ತಾರಸಿಗೆ ಬಂದರೆ ಸದ್ದು ಬಂದ ಕಡೆ ನೋಡಬೇಡಿ, ವಿಮಾನ ಅಷ್ಟರಲ್ಲಿ ಮುಂದೆ ಹೋಗಿರುತ್ತದೆ. ಕತ್ತೆತ್ತಿಕೊಂಡು ನಡೆಯಲೂ ಬೇಡಿ, ಕೆಳಗೆ ಹಪ್ಪಳವಿದೆ.